ಕಾರವಾರದ ಸುತ್ತಮುತ್ತ ಕುಟುಂಬಕ್ಕೆ ಬಾಡಿಗೆ ಮನೆ: ಹುಡುಕುವುದರಿಂದ ಕರಾರಿನವರೆಗೆ

ಕಾರವಾರಕ್ಕೆ ವರ್ಗವಾಗಿ ಬರುವವರು ಹೆಚ್ಚಾಗಿ ಮನೆ ನೋಡುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ಎಲ್ಲ ಮನೆಯೂ ಚೆಂದವೇ. ಗೋಡೆಗೆ ಹೊಸ ಬಣ್ಣ ಬಳಿದಿರುತ್ತದೆ, ಕಿಟಕಿ ತೆರೆದರೆ ಕಡಲ ಗಾಳಿ ಬರುತ್ತದೆ, ಅಂಗಳ ಒಣಗಿರುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅದೇ ಮನೆಯ ಇನ್ನೊಂದು ಮುಖ ಕಾಣುತ್ತದೆ. ಇದು ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು. ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ಹಾಗಾಗಿ ಬಾಡಿಗೆ ಎಷ್ಟು ಅಂತ ಕೇಳುವ ಮೊದಲು, ಜುಲೈಯಲ್ಲಿ ಈ ಮನೆ ಹೇಗಿರುತ್ತದೆ ಅಂತ ಕೇಳುವ ಅಭ್ಯಾಸ ಮಾಡಿಕೊಳ್ಳಿ. ಮುಂದೆ ಹೇಳುವುದೆಲ್ಲ ಹೆಚ್ಚುಕಡಿಮೆ ಈ ಪ್ರಶ್ನೆಯ ಸುತ್ತಲೇ ಇದೆ.

ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಆಗಾಗ ಬಂದು ಉಳಿಯುವ ಅಪ್ಪ ಅಮ್ಮ. ಇಷ್ಟು ಜನಕ್ಕೆ ಎರಡು ಬೆಡ್‌ರೂಮಿನ ಮನೆಯಾದರೂ ಬೇಕು, ಮೂರಿದ್ದರೆ ಅನುಕೂಲ. ಪೇಟೆಯೊಳಗೆ ಅಂಥ ಮನೆ ಕಡಿಮೆ. ಸಿಕ್ಕರೂ ಬಾಡಿಗೆ ಜಾಸ್ತಿ. ಹಾಗಾಗಿ ಹೆಚ್ಚಿನವರು ಊರಂಚಿಗೆ ಹೋಗುತ್ತಾರೆ.

ಮೊದಲು ಕಾಗದದ ಮೇಲೆ ಲೆಕ್ಕ

ಸರ್ಕಾರಿ ನೌಕರರಾದರೆ ಮನೆ ಬಾಡಿಗೆ ಭತ್ಯೆಯನ್ನು ನಂಬಿ ಕೂರಬೇಡಿ. 2024ರ ಆಗಸ್ಟ್‌ನಿಂದ ಜಾರಿಯಾದ ಪರಿಷ್ಕೃತ ವೇತನದಲ್ಲಿ ಕಾರವಾರದಂಥ ಸಣ್ಣ ಊರಿಗೆ ಭತ್ಯೆ ಮೂಲ ವೇತನದ ಶೇ 7.5. ಮೂಲ ವೇತನ 50,000 ಇದ್ದರೆ ಕೈಗೆ ಬರುವುದು 3,750 ರೂಪಾಯಿ. ಆ ಹಣಕ್ಕೆ ಕುಟುಂಬ ಇರುವಂಥ ಮನೆ ಎಲ್ಲೂ ಸಿಗುವುದಿಲ್ಲ. ಉಳಿದದ್ದು ಸಂಬಳದಿಂದಲೇ ಹೋಗಬೇಕು. ಕೈಗೆ ಬರುವ ಸಂಬಳದಲ್ಲಿ ಬಾಡಿಗೆ ಕಾಲು ಭಾಗ ದಾಟದಿದ್ದರೆ ನೆಮ್ಮದಿ. ಮೂರನೇ ಒಂದು ಭಾಗ ಮುಟ್ಟಿತು ಅಂದರೆ ಬೇರೆ ಎಲ್ಲೋ ಕೈ ಬಿಗಿಯಾಗುತ್ತದೆ.

ಬರೀ ಬಾಡಿಗೆ ಹೋಲಿಸಿದರೆ ದೂರದ ಮನೆ ಯಾವಾಗಲೂ ಅಗ್ಗವಾಗಿಯೇ ಕಾಣುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ನೀವೇ ಹಾಕಿಕೊಳ್ಳಿ. ಪೇಟೆಗೆ ಹತ್ತಿರದ ಮನೆಗೆ 13,000, ಹನ್ನೆರಡು ಕಿಲೋಮೀಟರ್ ಆಚೆಯ ಮನೆಗೆ 9,000. ಉಳಿತಾಯ 4,000 ಅನ್ನಿಸುತ್ತದೆ. ಬೈಕಿನಲ್ಲಿ ದಿನಕ್ಕೆ 24 ಕಿಲೋಮೀಟರ್‌ನಂತೆ 25 ದಿನಕ್ಕೆ 600 ಕಿಲೋಮೀಟರ್. ಬೈಕು ಲೀಟರಿಗೆ 45 ಕಿಲೋಮೀಟರ್ ಓಡಿದರೂ 13 ಲೀಟರ್ ಪೆಟ್ರೋಲ್ ಬೇಕು, ಅಂದರೆ ಸುಮಾರು 1,400 ರೂಪಾಯಿ. ಇಬ್ಬರು ಮಕ್ಕಳ ಶಾಲೆ ವ್ಯಾನಿಗೆ ತಲಾ 1,500 ಅಂದರೆ 3,000. ಒಟ್ಟು 4,400. ಉಳಿತಾಯ ಹೋಗಿ ನಷ್ಟವಾಯಿತು. ಮಳೆಯಲ್ಲಿ ನೆನೆದು ಬರುವ ಕಷ್ಟ ಈ ಲೆಕ್ಕದಲ್ಲಿ ಸೇರಿಲ್ಲ.

ಇದೇ ಲೆಕ್ಕ ತಿರುಗಲೂಬಹುದು. ಮನೆಯ ಹತ್ತಿರವೇ ಬಸ್ ನಿಲ್ದಾಣವಿದ್ದು, ಕೆಲಸಕ್ಕೆ ಹೋಗುವವರು ಹೆಂಡತಿ, ಕಾಲೇಜಿಗೆ ಹೋಗುವವಳು ಮಗಳು ಅಂತಾದರೆ ಇಬ್ಬರಿಗೂ ಟಿಕೆಟ್ ದುಡ್ಡಿಲ್ಲ. 2023ರ ಜೂನ್ 11ರಿಂದ ಇರುವ ಶಕ್ತಿ ಯೋಜನೆ ವಾಯವ್ಯ ಸಾರಿಗೆಯ ಸಾಮಾನ್ಯ ಬಸ್ಸುಗಳಿಗೂ ಇದೆ. ಆಗ ದೂರದ ಮನೆಯೇ ಲಾಭ. ಆದರೆ ಬಸ್ ಇದೆ ಅಂತ ಮನೆಯವರು ಹೇಳುವುದು ಬೇರೆ, ಸಂಜೆ ಆರೂವರೆ ಮೇಲೆ ಬಸ್ ಇದೆಯಾ ಅನ್ನುವುದು ಬೇರೆ. ಬಸ್ ಸ್ಟ್ಯಾಂಡಿನಲ್ಲೇ ವೇಳೆ ಕೇಳಿಕೊಳ್ಳಿ.

ಮೊದಲ ತಿಂಗಳ ಖರ್ಚನ್ನು ಬೇರೆಯೇ ಬರೆದಿಡಿ. ಡಿಪಾಸಿಟ್, ಮೊದಲ ಬಾಡಿಗೆ, ಬ್ರೋಕರ್ ಇದ್ದರೆ ಅವರದು, ಲಾರಿ, ಹಮಾಲಿ, ಕರಾರಿನ ಖರ್ಚು, ಸೊಳ್ಳೆ ಪರದೆ, ಇನ್ವರ್ಟರ್. ಊರಂಚಿನಲ್ಲಿ ಗಾಳಿ ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಬೇಗ ಬರುವುದಿಲ್ಲ. ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವವರಿಗೆ ಇನ್ವರ್ಟರ್ ಇಲ್ಲದೆ ಆಗುವುದಿಲ್ಲ.

ಯಾವ ಕಡೆ ನೋಡಬೇಕು

ಕಾರವಾರದ ಒಂದು ಕಡೆ ಕಡಲು, ಒಂದು ಕಡೆ ಕಾಳಿ ನದಿ, ಮತ್ತೊಂದು ಕಡೆ ಗುಡ್ಡ. ಊರು ಬೆಳೆಯಲು ಜಾಗ ಇರುವುದೇ ಪಟ್ಟಿ ಪಟ್ಟಿಯಾಗಿ. ಪ್ರತಿ ಪಟ್ಟಿಗೂ ಅದರದ್ದೇ ಗುಣ, ಅದರದ್ದೇ ತಾಪತ್ರಯ.

ಪೇಟೆಗೆ ಅಂಟಿಕೊಂಡ ಕಾಜುಬಾಗ, ಹಬ್ಬುವಾಡ, ನಂದನಗದ್ದಾ, ಕೋಡಿಬಾಗ, ಸುಂಕೇರಿ ಮೊದಲ ಆಯ್ಕೆ. ಶಾಲೆ, ವೈದ್ಯಕೀಯ ಕಾಲೇಜು ಆಸ್ಪತ್ರೆ, ಜಿಲ್ಲಾಧಿಕಾರಿ ಕಚೇರಿ ಎಲ್ಲ ಹತ್ತಿರ. ಎರಡು ಮೂರು ಅಂತಸ್ತಿನ ಅಪಾರ್ಟ್‌ಮೆಂಟುಗಳೂ, ಮೇಲೆ ಮಾಲೀಕರು ಇದ್ದು ಕೆಳಗೆ ಬಾಡಿಗೆ ಕೊಡುವ ಮನೆಗಳೂ ಸಿಗುತ್ತವೆ. ನದಿ ಕಡೆಗೆ ಹೋದ ಹಾಗೆ ನೆಲ ತಗ್ಗು. ಸುಂಕೇರಿ, ಕೋಡಿಬಾಗದ ಹೊಳೆಯಂಚಿನಲ್ಲಿ ನೆಲಮಹಡಿಗಿಂತ ಮೊದಲ ಮಹಡಿಯನ್ನೇ ನೋಡಿ.

ಕಾಳಿ ದಾಟಿದರೆ ಸದಾಶಿವಗಡ, ಚಿತ್ತಾಕುಲ, ಅದರಾಚೆ ಅಸ್ನೋಟಿ, ಮಾಜಾಳಿ. ಅಂಗಳ, ಬಾವಿ, ತೆಂಗಿನ ಮರ ಇರುವ ಬಿಡಿ ಮನೆಗಳು ಈ ಕಡೆ ಹೆಚ್ಚು. ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೆಲಸ ಮಾಡುವವರಿಗೆ, ಗೋವಾ ಕಡೆ ಓಡಾಡುವವರಿಗೆ ಇದೇ ಸರಿ. ಆದರೆ ಪೇಟೆಯಲ್ಲಿ ಕೆಲಸ ಇರುವವರು ಸೇತುವೆಯ ವಿಷಯ ಯೋಚಿಸಬೇಕು. 2024ರ ಆಗಸ್ಟ್ 7ರ ನಡುರಾತ್ರಿ ಹಳೆಯ ಕಾಳಿ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಅಂದಿನಿಂದ ಹೋಗುವ ಬರುವ ವಾಹನಗಳೆಲ್ಲ ಪಕ್ಕದ ಹೊಸ ಸೇತುವೆಯ ಮೇಲೇ. ಬೆಳಿಗ್ಗೆ ಒಂಬತ್ತೂವರೆಗೆ ಒಮ್ಮೆ ನೀವೇ ದಾಟಿ ನೋಡಿ, ನಿಮ್ಮ ತಾಳ್ಮೆಗೆ ಆಗುತ್ತದಾ ಅಂತ ಗೊತ್ತಾಗುತ್ತದೆ.

ಪೂರ್ವಕ್ಕೆ ಶಿರವಾಡ, ಕಡವಾಡ, ಕೈಗಾ ರಸ್ತೆ. ರೈಲ್ವೆ ನಿಲ್ದಾಣ ಇರುವುದು ಶಿರವಾಡದಲ್ಲಿ. ವಾರಕ್ಕೊಮ್ಮೆ ಮಂಗಳೂರಿಗೋ ಮಡಗಾಂವಿಗೋ ಹೋಗುವವರು ಇಲ್ಲಿದ್ದರೆ ಆಟೊ ದುಡ್ಡು ಉಳಿಯುತ್ತದೆ. ಗಾಳಿಯಲ್ಲಿ ಉಪ್ಪೂ ಸ್ವಲ್ಪ ಕಡಿಮೆ. ನೋಡಬೇಕಾದದ್ದು ಹೊಳೆಯನ್ನು. ಮೇಲೆ ಕದ್ರಾ ಅಣೆಕಟ್ಟಿನ ಗೇಟ್ ತೆರೆದಾಗ ಕಾಳಿ ದಂಡೆಯ ತಗ್ಗು ಊರುಗಳಿಗೆ ನೀರು ನುಗ್ಗುತ್ತದೆ. 2019ರ ಆಗಸ್ಟ್‌ನಲ್ಲಿ ಆಯಿತು, 2021ರ ಜುಲೈಯಲ್ಲಿ ಮತ್ತೆ ಆಯಿತು. ಹೊಳೆ ಬದಿಯ ಮನೆ ಇಷ್ಟವಾದರೆ ಮಾಲೀಕರನ್ನು ಬಿಟ್ಟು ಪಕ್ಕದ ಮನೆಯವರನ್ನು ಕೇಳಿ: 2019ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು? ಅವರು ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ.

ದಕ್ಷಿಣಕ್ಕೆ ಬಿಣಗಾ, ಅರ್ಗಾ, ಅಮದಳ್ಳಿ, ತೋಡೂರು, ಚೆಂಡಿಯಾ. ಇದು ಸೀಬರ್ಡ್ ನೌಕಾನೆಲೆಯ ಪಟ್ಟಿ. ನೌಕಾನೆಲೆಗೆ ಅದರದ್ದೇ ವಸತಿ ಸಮುಚ್ಚಯ ಇದ್ದರೂ, ಕಾಮಗಾರಿಗೆ ಬರುವ ಕಂಪನಿಗಳ ಎಂಜಿನಿಯರುಗಳು, ಕೆಲಸಗಾರರು ಹೊರಗೇ ಮನೆ ಹಿಡಿಯುತ್ತಾರೆ. ಕಂಪನಿ ಬಾಡಿಗೆಗೆ ಮನೆ ಕೊಟ್ಟು ರೂಢಿಯಾದ ಮಾಲೀಕರು ಕುಟುಂಬಕ್ಕೂ ಅದೇ ದರ ಹೇಳುತ್ತಾರೆ. ಸುಮ್ನೆ ಒಪ್ಪಿಕೊಳ್ಳಬೇಡಿ. ಬ್ಯಾಚುಲರ್ ಗುಂಪಿಗಿಂತ ಕುಟುಂಬಕ್ಕೆ ಕೊಟ್ಟರೆ ಮನೆ ಚೆನ್ನಾಗಿ ಇರುತ್ತದೆ ಅಂತ ಅವರಿಗೂ ಗೊತ್ತು. ಇಲ್ಲಿಯ ತೊಂದರೆ ನೀರಿನದು: ಗುಡ್ಡದಿಂದ ಇಳಿದು ಬರುವ ಮಳೆನೀರು ಹೆದ್ದಾರಿ, ಪಾಗಾರಗಳ ನಡುವೆ ಸಿಕ್ಕಿಕೊಂಡು ಜೋರು ಮಳೆಗೆ ಬಿಣಗಾ, ಅರ್ಗಾದ ಕೆಲವು ಕೇರಿಗಳಲ್ಲಿ ನಿಂತುಬಿಡುತ್ತದೆ. ಗಟಾರ ಯಾವ ಕಡೆ ಹರಿಯುತ್ತದೆ ಅಂತ ನೋಡಿ. ಮನೆಯ ಹಿಂದೆ ರಸ್ತೆಗಾಗಿಯೋ ಸೈಟಿಗಾಗಿಯೋ ನೇರ ಕಡಿದ ಗುಡ್ಡವಿದ್ದರೆ, ಬಾಡಿಗೆ ಅರ್ಧ ಮಾಡಿದರೂ ಬೇಡ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಆದದ್ದನ್ನು ಈ ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ.

ಇದೇ ಜಿಲ್ಲೆಯ, ಘಟ್ಟದ ಮೇಲಿನ ಶಿರಸಿ ಕಡೆ ಹುಡುಕುವವರಿಗೆ ಉಪ್ಪು ಗಾಳಿಯ ಚಿಂತೆ ಇಲ್ಲ, ಹೊಳೆಯ ಭಯವೂ ಇಲ್ಲ. ಅಲ್ಲಿ ಜಾಸ್ತಿ ಕಾಡುವುದು ತಿಂಗಳುಗಟ್ಟಲೆ ಆರದ ಬಟ್ಟೆ, ಬೂಸ್ಟು ಹಿಡಿಯುವ ಗೋಡೆ. ಮೇಲೆ ಶೀಟ್ ಹೊದೆಸಿದ, ಬಟ್ಟೆ ಒಣಗಿಸಲು ಜಾಗ ಬಿಡುವ ಮನೆ ಹುಡುಕಿ. ಮೀನು ಮಾಂಸ ಮಾಡುವವರಿಗೆ ಕೊಡುವುದಿಲ್ಲ ಅನ್ನುವ ಮಾಲೀಕರೂ ಅಲ್ಲಿ ಸಿಗುತ್ತಾರೆ. ಇದನ್ನು ಮೊದಲ ಫೋನಿನಲ್ಲೇ ಕೇಳಿಬಿಟ್ಟರೆ ಇಬ್ಬರಿಗೂ ಮುಜುಗರ ತಪ್ಪುತ್ತದೆ.

ಹುಡುಕುವ ದಾರಿ

ದೊಡ್ಡ ಊರಿನ ಹಾಗೆ ಮೊಬೈಲಿನಲ್ಲಿ ನೂರು ಮನೆ ನೋಡಿ ಆರಿಸುವುದು ಇಲ್ಲಿ ನಡೆಯುವುದಿಲ್ಲ. ಅರ್ಧಕ್ಕರ್ಧ ಮನೆಗಳ ಸುದ್ದಿ ಬಾಯಿಂದ ಬಾಯಿಗೇ ಹೋಗುತ್ತದೆ. ನೀವು ಸೇರುವ ಕಚೇರಿಯಲ್ಲಿ ಯಾರು ವರ್ಗವಾಗಿ ಹೋಗುತ್ತಿದ್ದಾರೆ ಅಂತ ವಿಚಾರಿಸಿ, ಅವರು ಬಿಡುವ ಮನೆಯನ್ನೇ ಮೊದಲು ನೋಡಿ. ಆ ಮನೆಯ ಗುಣದೋಷ ಹೇಳಲು ಅವರಿಗೆ ಯಾವ ಹಿಂಜರಿಕೆಯೂ ಇರುವುದಿಲ್ಲ. ಆಮೇಲೆ ನಿಮಗೆ ಬೇಕಾದ ಕೇರಿಯ ಕಿರಾಣಿ ಅಂಗಡಿ, ಹಾಲಿನವರು, ಇಸ್ತ್ರಿ ಅಂಗಡಿ, ಮಕ್ಕಳನ್ನು ಸೇರಿಸುವ ಶಾಲೆಯ ಕಚೇರಿ. ಮಾಲೀಕರು ಗೋವಾದಲ್ಲೋ ಮುಂಬೈಯಲ್ಲೋ ಇದ್ದು, ಬೀಗದ ಕೈ ಪಕ್ಕದ ಮನೆಯಲ್ಲಿ ಇಟ್ಟಿರುವ ಮನೆಗಳು ಕಾರವಾರದಲ್ಲಿ ಕಡಿಮೆಯಿಲ್ಲ. ಬೋರ್ಡ್ ಹಾಕದೆ ಖಾಲಿ ಇರುವ ಇಂಥ ಮನೆ ಕೇಳಿದವರಿಗಷ್ಟೇ ಸಿಗುತ್ತದೆ. ಎರಡು ಮಾತು ಕೊಂಕಣಿ ಬಂದರೆ ಕೆಲಸ ಇನ್ನೂ ಸಲೀಸು.

ಬ್ರೋಕರ್ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಕೇಳುತ್ತಾರೆ. ಕರಾರಿಗೆ ಸಹಿ ಬಿದ್ದ ಮೇಲಷ್ಟೇ ಕೊಡಿ. ಮನೆ ತೋರಿಸುವುದಕ್ಕೇ ದುಡ್ಡು ಕೇಳಿದರೆ ಬೇರೆಯವರನ್ನು ನೋಡಿ.

ಫೇಸ್‌ಬುಕ್, ವಾಟ್ಸ್‌ಆ್ಯಪ್ ಜಾಹೀರಾತಿನಲ್ಲಿ ಒಂದು ಮೋಸ ಬಹಳ ದಿನದಿಂದ ನಡೆಯುತ್ತಿದೆ. "ನಾನು ನೌಕಾಪಡೆಯವನು, ಬೇರೆ ಕಡೆ ಪೋಸ್ಟಿಂಗ್ ಆಗಿದೆ, ಮನೆ ಖಾಲಿ ಇದೆ" ಅಂತ ಗುರುತಿನ ಚೀಟಿಯ ಫೋಟೊ ಕಳಿಸುತ್ತಾರೆ. ಆಮೇಲೆ ಟೋಕನ್ ಅಂತ ಹಣ ಕೇಳುತ್ತಾರೆ, ಇಲ್ಲವೇ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಲು ಹೇಳುತ್ತಾರೆ. ನೌಕಾನೆಲೆ ಇರುವ ಊರಲ್ಲಿ ಈ ಕಥೆ ನಂಬುವ ಹಾಗೇ ಇರುತ್ತದೆ ಅಲ್ವಾ? ಬಾಗಿಲು ತೆರೆದು ಒಳಗೆ ಕಾಲಿಡದ ಮನೆಗೆ ಒಂದು ರೂಪಾಯಿಯೂ ಬೇಡ.

ಮನೆ ನೋಡುವಾಗ ತಲೆ ಎತ್ತಿ ನೋಡಿ

ಟೈಲ್ಸ್, ಕಿಚನ್ ಕಟ್ಟೆ ಎಲ್ಲರಿಗೂ ಕಾಣುತ್ತದೆ. ಕರಾವಳಿಯ ಮನೆಯ ಆರೋಗ್ಯ ಗೊತ್ತಾಗುವುದು ಸ್ಲ್ಯಾಬ್‌ನಲ್ಲಿ. ಬಾಲ್ಕನಿಯ ಅಡಿ, ಬಚ್ಚಲಿನ ಮೇಲ್ಭಾಗ, ಕಿಟಕಿಯ ಸಜ್ಜಾ ನೋಡಿ. ಕಂದು ಬಣ್ಣದ ಗೆರೆ ಕಂಡರೆ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದಿದೆ ಅಂತ ಲೆಕ್ಕ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಸಿಮೆಂಟನ್ನು ಹೊರಗೆ ತಳ್ಳುತ್ತದೆ. ಅಂಥ ಜಾಗವನ್ನು ಬೆರಳಿನ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಮಕ್ಕಳು ಮಲಗುವ ಕೋಣೆಯ ಮೇಲೆ ಆ ಸದ್ದು ಬಂದರೆ ಆ ಮನೆ ಬೇಡವೇ ಬೇಡ.

ಮೇ ತಿಂಗಳಲ್ಲಿ ಹೊಸ ಬಣ್ಣ ಹೊಡೆದ ಮನೆಯಲ್ಲಿ ತೇವ ಕಾಣುವುದಿಲ್ಲ. ಹಾಗಂತ ಗುರುತು ಪೂರ್ತಿ ಅಳಿಸಿರುವುದೂ ಇಲ್ಲ. ಗೋಡೆ ಕಪಾಟಿನ ಒಳಗೆ ಬಣ್ಣ ಹೊಡೆದಿರುವುದಿಲ್ಲ. ಬಾಗಿಲು ತೆರೆದು ಮೂಗಿಟ್ಟು ನೋಡಿ, ಬೂಸ್ಟಿನ ವಾಸನೆ ಬಂದರೆ ನೈಋತ್ಯ ಗಾಳಿಯ ಹೊಡೆತ ಆ ಗೋಡೆಗೇ ಬೀಳುತ್ತದೆ. ಕೊನೆಯ ಮಹಡಿಯ ಮನೆಯಾದರೆ ಟೆರೇಸಿಗೆ ಹತ್ತಿ. ಮೇಲೆ ಶೀಟ್ ಹೊದೆಸಿದ್ದರೆ ಎರಡು ಲಾಭ: ಮನೆ ಸೋರುವುದಿಲ್ಲ, ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಜಾಗ ಸಿಗುತ್ತದೆ. ನಾಲ್ಕು ಜನರ ಬಟ್ಟೆ ನಾಲ್ಕು ತಿಂಗಳು ಫ್ಯಾನಿನ ಕೆಳಗೆ ಒಣಗಿಸಿದವರನ್ನು ಕೇಳಿದರೆ ಈ ಜಾಗದ ಬೆಲೆ ಹೇಳುತ್ತಾರೆ.

ಈಗ ನೀರು. ಕಾರವಾರದ ನಲ್ಲಿಗೆ ಬರುವುದು ಅಂಕೋಲಾ ತಾಲ್ಲೂಕಿನ ಗಂಗಾವಳಿ ನದಿಯ ನೀರು. ಪಕ್ಕದಲ್ಲೇ ಕಾಳಿ ತುಂಬಿ ಹರಿದರೂ, ಸಮುದ್ರ ಸೇರುವ ಜಾಗವಾದ್ದರಿಂದ ಅದು ಉಪ್ಪು. ಬೇಸಿಗೆಯ ಕೊನೆಗೆ ಹೊಳೆ ಸೊರಗಿದಾಗ ನಲ್ಲಿ ನೀರು ದಿನ ಬಿಟ್ಟು ದಿನ ಆಗುವುದುಂಟು. ಹಾಗಾಗಿ ಬಾವಿಯೋ ಬೋರೋ ಇದೆಯಾ, ಸಂಪ್ ಎಷ್ಟು ದೊಡ್ಡದು, ಎಷ್ಟು ಮನೆಗೆ ಹಂಚಿಕೆ ಅಂತ ಕೇಳಿ. ಬಾವಿ ನೀರನ್ನು ಬಾಯಿಗೆ ಹಾಕಿಯೇ ನೋಡಿ. ಏಪ್ರಿಲ್–ಮೇಯಲ್ಲಿ ಸಪ್ಪೆ ಇದ್ದರೆ ವರ್ಷವಿಡೀ ಸಪ್ಪೆ. ಅಕ್ಟೋಬರಿನಲ್ಲಿ ಸಪ್ಪೆ ಇದ್ದರೆ ಅದರಿಂದ ಏನೂ ಗೊತ್ತಾಗುವುದಿಲ್ಲ, ಪಕ್ಕದ ಮನೆಯವರನ್ನು ಕೇಳಲೇಬೇಕು. ನಲ್ಲಿ, ಗೀಸರ್ ಬುಡದಲ್ಲಿ ಬಿಳಿ ಪುಡಿ, ಹಸಿರು ಕಿಲುಬು ಇದ್ದರೆ ನೀರಿನಲ್ಲಿ ಉಪ್ಪಿದೆ.

ಕರೆಂಟ್ ಮೀಟರ್ ಬೇರೆ ಇದೆಯಾ ಅನ್ನುವುದನ್ನು ಎಷ್ಟೋ ಜನ ಕೇಳುವುದೇ ಇಲ್ಲ. ಪ್ರತ್ಯೇಕ ಆರ್‌ಆರ್ ನಂಬರ್ ಇದ್ದರೆ ಬಾಡಿಗೆದಾರರಾಗಿಯೂ ಗೃಹಜ್ಯೋತಿಯ ಉಚಿತ ಕರೆಂಟ್ ಪಡೆಯಬಹುದು. ಸಬ್ ಮೀಟರ್ ಹಾಕಿ ಯೂನಿಟ್ಟಿಗೆ ಇಷ್ಟು ಅಂತ ಮಾಲೀಕರು ವಸೂಲಿ ಮಾಡುವ ಮನೆಯಲ್ಲಿ ಆ ಲಾಭ ನಿಮಗಿಲ್ಲ. ಹೆಸ್ಕಾಂನ ಹಳೆಯ ಬಿಲ್ ಕೇಳಿ ತೆಗೆದುಕೊಳ್ಳಿ. ಎಷ್ಟು ಯೂನಿಟ್ ಉಚಿತ ಅನ್ನುವುದು ಹಿಂದಿನ ಬಳಕೆಯ ಸರಾಸರಿಯ ಮೇಲೆ ನಿಲ್ಲುತ್ತದೆ, 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಇಬ್ಬರು ಮಕ್ಕಳಿರುವ ಮನೆಯಲ್ಲಿ ಈ ವ್ಯತ್ಯಾಸ ತಿಂಗಳಿಗೆ ನೂರಾರು ರೂಪಾಯಿ.

ಚೌಕಾಶಿ

ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲು ಎಲ್ಲರೂ ಮನೆ ಹುಡುಕುತ್ತಿರುತ್ತಾರೆ, ಆಗ ಮಾಲೀಕರದ್ದೇ ಮಾತು. ಜುಲೈ–ಆಗಸ್ಟ್‌ನಲ್ಲಿ ಖಾಲಿ ಉಳಿದ ಮನೆಗೆ ಗಿರಾಕಿ ಕಡಿಮೆ. ಆಗ ಬಾಡಿಗೆಯೂ ಇಳಿಯುತ್ತದೆ, ಸೋರುವುದೂ ಕಣ್ಣಿಗೆ ಕಾಣುತ್ತದೆ. ಒಂದೆರಡು ತಿಂಗಳು ಒಬ್ಬರೇ ಬಂದು ರೂಮಿನಲ್ಲಿ ಇದ್ದು, ದಸರಾ ರಜೆಯಲ್ಲಿ ಮನೆಯವರನ್ನು ಕರೆಸಿಕೊಳ್ಳಲು ಸಾಧ್ಯವಿದ್ದರೆ ನನ್ನ ಮತ ಅದಕ್ಕೇ. ಮಕ್ಕಳ ಶಾಲೆ ಅಡ್ಡ ಬರುತ್ತದೆ, ಎಲ್ಲರಿಗೂ ಆಗುವುದಿಲ್ಲ.

ಬಾಡಿಗೆ ಇಳಿಸಲು ಒಪ್ಪದವರು ಬೇರೆ ಕಡೆ ಬಗ್ಗುತ್ತಾರೆ. ಡಿಪಾಸಿಟ್ ಕಡಿಮೆ ಮಾಡಿ, ಸೊಳ್ಳೆ ಜಾಲರಿ ಹಾಕಿಸಿ, ಟೆರೇಸಿಗೆ ಶೀಟ್ ಹಾಕಿಸಿ, ಎರಡು ವರ್ಷ ಬಾಡಿಗೆ ಏರಿಸಬೇಡಿ ಅಂತ ಕೇಳಿ. ಡಿಪಾಸಿಟ್ ವಿಷಯದಲ್ಲಿ ಬೆಂಗಳೂರಿನ ಹತ್ತು ತಿಂಗಳ ಮಾತು ಯಾರಾದರೂ ಎತ್ತಿದರೆ, ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಅನ್ನುತ್ತದೆ ಅಂತ ಹೇಳಿ. ರಾಜ್ಯ ತನ್ನದೇ ಕಾಯ್ದೆ ಮಾಡಿಕೊಳ್ಳದೆ ಅದು ಯಾರನ್ನೂ ಕಟ್ಟಿಹಾಕುವುದಿಲ್ಲ, ಆದರೂ ಮಾತಿಗೆ ಒಂದು ಆಧಾರ ಸಿಗುತ್ತದೆ.

ಬಾಡಿಗೆಯೇ ಇಲ್ಲದೆ ಲಕ್ಷಗಟ್ಟಲೆ ಕೊಟ್ಟು ಭೋಗ್ಯಕ್ಕೆ ಇರಿ ಅನ್ನುವವರೂ ಸಿಗುತ್ತಾರೆ. ಆ ಮನೆಯ ಮೇಲೆ ಬ್ಯಾಂಕ್ ಸಾಲ ಇದೆಯಾ ಅಂತ ಋಣಭಾರ ಪತ್ರ ತೆಗೆಸಿ ನೋಡದೆ, ಪತ್ರ ನೋಂದಣಿ ಮಾಡಿಸದೆ ಅದಕ್ಕೆ ಕೈ ಹಾಕಬೇಡಿ.

ಕರಾರಿನಲ್ಲಿ ಏನಿರಬೇಕು

ಎಲ್ಲರೂ 11 ತಿಂಗಳ ಕರಾರು ಮಾಡುವುದಕ್ಕೆ ಕಾರಣವಿದೆ. ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ಯಾರಿಗೂ ಬೇಡ. 11 ತಿಂಗಳದ್ದೇ ಇರಲಿ, ಆದರೆ ಬಾಯಿಮಾತಿನಲ್ಲಿ ಮಾತ್ರ ಮುಗಿಸಬೇಡಿ. ಈಗಿನ ಬಾಡಿಗೆಯ ಮನೆಗಳಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ಸಾಮಾನ್ಯವಾಗಿ ಸಿಗುವುದಿಲ್ಲ. ಕರಾರೇ ಇಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಯನ್ನು 15 ದಿನದ ನೋಟಿಸ್ ಕೊಟ್ಟು ಖಾಲಿ ಮಾಡಿಸಲು ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಬಿಡುತ್ತದೆ. ಪರೀಕ್ಷೆ ಹೊತ್ತಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು 15 ದಿನದಲ್ಲಿ ಮನೆ ಹುಡುಕುವುದು ಯಾರಿಗೆ ಬೇಕು?

ಹಾಗಾಗಿ ಎರಡೂ ಕಡೆಯಿಂದ ಕನಿಷ್ಠ ಎರಡು ತಿಂಗಳ ನೋಟಿಸ್ ಅಂತ ಬರೆಸಿ. ವರ್ಗಾವಣೆಯಾದರೆ ಒಂದೇ ತಿಂಗಳು ಸಾಕು ಅಂತ ಇನ್ನೊಂದು ಸಾಲು ಸೇರಿಸಿ. ಡಿಪಾಸಿಟ್ ಎಷ್ಟು ದಿನದಲ್ಲಿ ವಾಪಸ್, ಬಣ್ಣಕ್ಕೆ ಎಷ್ಟು ಕಡಿತ, ವರ್ಷಕ್ಕೆ ಶೇಕಡಾ ಎಷ್ಟು ಏರಿಕೆ, ಮೇಂಟೆನೆನ್ಸ್, ನೀರಿನ ಬಿಲ್ ಯಾರದು ಅನ್ನುವುದೆಲ್ಲ ಅಂಕಿಯಲ್ಲೇ ಇರಲಿ. ಕರಾವಳಿಗೆಂದೇ ಇನ್ನೊಂದು ಸಾಲು: ಛಾವಣಿ ಸೋರಿದರೆ, ಪಂಪ್ ಕೆಟ್ಟರೆ ಇಷ್ಟು ದಿನದೊಳಗೆ ಮಾಲೀಕರು ರಿಪೇರಿ ಮಾಡಿಸಬೇಕು, ಆಗದಿದ್ದರೆ ಬಾಡಿಗೆದಾರರು ಮಾಡಿಸಿ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಮಾಲೀಕರು ಮುಂಬೈಯಲ್ಲಿದ್ದರೆ ಈ ಸಾಲಿಲ್ಲದೆ ಸಹಿ ಹಾಕಬೇಡಿ.

ಡಿಪಾಸಿಟ್, ಬಾಡಿಗೆ ಎಲ್ಲವೂ ಬ್ಯಾಂಕಿನ ಮೂಲಕವೇ ಹೋಗಲಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ವಿನಾಯಿತಿ ಪಡೆಯುವವರು ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಕೊಡಬೇಕು. ಅದನ್ನು ಕರಾರಿನ ದಿನವೇ ಕೇಳಿಕೊಳ್ಳಿ. ಮಾರ್ಚ್‌ನಲ್ಲಿ ಕೇಳಿದರೆ ಫೋನೇ ಎತ್ತುವುದಿಲ್ಲ.

ಹೋಗುವ ದಿನ, ಬಿಡುವ ದಿನ

ಸಾಮಾನು ಇಳಿಸುವ ಮೊದಲು ಖಾಲಿ ಮನೆಯ ವಿಡಿಯೊ ಮಾಡಿ ಮಾಲೀಕರಿಗೆ ವಾಟ್ಸ್‌ಆ್ಯಪ್ ಮಾಡಿ. ಒಡೆದ ಟೈಲ್ಸ್, ಗೋಡೆಯ ಮೊಳೆ, ತುಕ್ಕು ಹಿಡಿದ ಗ್ರಿಲ್, ಮೀಟರ್ ರೀಡಿಂಗ್ ಎಲ್ಲ ಅದರಲ್ಲಿರಲಿ. ಮಳೆಗಾಲದಲ್ಲಿ ಸಾಗಿಸುವುದಾದರೆ ಮುಚ್ಚಿದ ಲಾರಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ. ತಾಡಪಾಲು ನಂಬಿ ಹಾಸಿಗೆ ನೆನೆಸಿಕೊಂಡರೆ ಒಣಗುವುದು ದೀಪಾವಳಿಗೇ. ಮರದ ಮಂಚ, ಕಪಾಟುಗಳನ್ನು ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಇಡಿ. ಗ್ಯಾಸ್ ಸಂಪರ್ಕದ ವಿಳಾಸವನ್ನು ಮೊದಲ ವಾರದಲ್ಲೇ ಬದಲಿಸಿ.

ಗೃಹಜ್ಯೋತಿಗೆ ಸೇವಾಸಿಂಧುವಿನಲ್ಲಿ ಮೊದಲು ಹಳೆಯ ಮನೆಯ ಮೀಟರಿನಿಂದ ನಿಮ್ಮ ಆಧಾರ್ ಬಿಡಿಸಿ, ಆಮೇಲೆ ಹೊಸ ಆರ್‌ಆರ್ ನಂಬರಿಗೆ ಜೋಡಿಸಬೇಕು. ಹೊಸ ಮನೆಯ ಮೀಟರ್ ಹಿಂದಿನ ಬಾಡಿಗೆದಾರರ ಹೆಸರಿನಲ್ಲೇ ಉಳಿದಿದ್ದರೆ ಅವರಿಂದ ಬಿಡಿಸದೆ ನಿಮ್ಮ ಅರ್ಜಿ ಮುಂದೆ ಹೋಗುವುದಿಲ್ಲ. ಮಾಲೀಕರಿಂದ ಅವರ ಫೋನ್ ನಂಬರ್ ಪಡೆದಿಟ್ಟುಕೊಳ್ಳಿ. ನೀವು ಮನೆ ಬಿಡುವಾಗಲೂ ಇದನ್ನು ಮರೆಯದೆ ಮಾಡಿ. ಇಲ್ಲದಿದ್ದರೆ ಆರು ತಿಂಗಳ ಮೇಲೆ ಗೊತ್ತಿಲ್ಲದ ನಂಬರಿನಿಂದ ಹೊಸ ಬಾಡಿಗೆದಾರರ ಫೋನ್ ನಿಮಗೆ ಬರುತ್ತದೆ.